ಅಂದ್ರಮ್ಮ ಹದಕ್ಕೆ ಅರ್ಥ ಹುಡುಕಿದ್ದು

ನಮ್ಮ ಚಿಕ್ಕಮ್ಮನಿಗೆ ಬೀದಿಯವರು ಇಟ್ಟ ಹೆಸರು ಅಂದ್ರಮ್ಮ. ಯಾರು ಏನೇ ಹೇಳಲಿ, ಅವಳ ಬಾಯಿಂದ ಮೊದಲು ಬರುತ್ತಿದ್ದ ಮಾತು "ಅಂದ್ರೆ?" ಹಾಲಿನವನು ಬಂದು ಹೊಟ್ಟೆ ಉರಿಯುತ್ತಿದೆ ಎಂದರೆ, ಅದು ಹಸಿವೋ, ಖಾರ ಹೆಚ್ಚಾಗಿದ್ದೋ, ಪಕ್ಕದ ಬೀದಿಯ ಹಾಲಿನವನು ಹೊಸ ಗಾಡಿ ಕೊಂಡದ್ದೋ ಎಂದು ವಿಚಾರಿಸಿಕೊಂಡೇ ಪಾತ್ರೆ ಮುಂದಿಡುವಳು. ಚಿಕ್ಕಪ್ಪ ಮದುವೆಗೆ ಮುಂಚೆ ಒಮ್ಮೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತು, ಬೆವರು ಒರೆಸಿಕೊಳ್ಳುತ್ತ, ನಿನ್ನ ಕೈ ಹಿಡಿಯಬೇಕು ಅಂತಿದ್ದೇನೆ ಎಂದನಂತೆ. ಇವಳು ಅಂದ್ರೆ ಎಂದು ಕೇಳಿದಳು. ಪಾಪ, ಅವನು ಗಾಬರಿಬಿದ್ದು, ರಸ್ತೆ ದಾಟುವಾಗ ಎಂದುಬಿಟ್ಟ. ಆ ಒಂದು ಮಾತಿನಿಂದ ಮದುವೆ ಮುಂದಿನ ವರ್ಷಕ್ಕೆ ಹೋಯಿತು ಎಂದು ನಮ್ಮ ಮನೆಯಲ್ಲಿ ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಇಂಥವಳಿಗೆ ಭಾಷಾಂತರದ ಕೆಲಸ ಹೇಳಿ ಮಾಡಿಸಿದ ಹಾಗಿತ್ತು. ಚಿಕ್ಕಪ್ಪನದು ಬ್ರೆಡ್ಡಿನ ಅಂಗಡಿ. ಕೆಳಗೆ ಒಲೆ, ಹಿಟ್ಟು ನಾದುವ ಉದ್ದನೆಯ ಮೇಜು, ಗಾಜಿನ ಕಪಾಟು. ಏಣಿಯಂಥ ಮರದ ಮೆಟ್ಟಿಲು ಹತ್ತಿದರೆ ಚಿಕ್ಕಮ್ಮನ ಕೋಣೆ. ಒಲೆ ಸರಿಯಾಗಿ ಅವಳ ಕುರ್ಚಿಯ ಕೆಳಗೇ ಬರುತ್ತಿದ್ದುದರಿಂದ ಚಳಿಗಾಲದಲ್ಲಿ ಬರಿಗಾಲಲ್ಲಿ ಸುಖವಾಗಿರುತ್ತಿದ್ದಳು. ಬೇಸಿಗೆಯಲ್ಲಿ ಕಾಲನ್ನು ಎತ್ತಿ ಇನ್ನೊಂದು ಕುರ್ಚಿಯ ಮೇಲಿಟ್ಟುಕೊಂಡು ಬರೆಯುತ್ತಿದ್ದಳು. ಕಂಪನಿಗಳು ಕಳಿಸುವ ಸೂಚನೆಗಳನ್ನು ಕನ್ನಡಕ್ಕೆ ತರುವುದು ಅವಳ ಕಸುಬು. ಕೆಮ್ಮಿನ ಔಷಧಿ, ಕುಕ್ಕರ್, ಹೊಲಿಗೆ ಯಂತ್ರ, ಸೊಳ್ಳೆ ಬತ್ತಿ ಎಲ್ಲವೂ ಆ ಕೋಣೆಯಲ್ಲಿ ಹಾದುಹೋದ ಮೇಲೆಯೇ ನಮ್ಮ ಭಾಷೆ ಕಲಿತವು. ಬಟ್ಟೆ ಒಗೆಯುವ ಯಂತ್ರವೊಂದರ ಜೊತೆ, ಇದನ್ನು ಮಕ್ಕಳಿಗೆ ಎಟುಕದಂತೆ ಎತ್ತರದಲ್ಲಿಡಿ ಎಂಬ ಸೂಚನೆ ಬಂದಿತ್ತು. ಚಿಕ್ಕಮ್ಮ ಕಂಪನಿಗೆ ಫೋನ್ ಮಾಡಿ, ಎತ್ತರದಲ್ಲಿಡಬೇಕಾದದ್ದು ಸೋಪಿನ ಪುಡಿಯನ್ನೋ ಯಂತ್ರವನ್ನೋ ಎಂದು ಕೇಳಿದಳು. ಆ ಕಡೆಯವರು ದೊಡ್ಡವರನ್ನು ಕೇಳಿ ಹೇಳುತ್ತೇವೆ ಎಂದು ಫೋನ್ ಇಟ್ಟುಬಿಟ್ಟರು.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಒಂದು ದಿನ ಎಂಜಿನಿಯರ್ ಒಬ್ಬ ಮೆಟ್ಟಿಲು ಹತ್ತಿ ಬಂದ. ಎತ್ತರದ ಆಳು, ಬಾಗಿಲಿಗೆ ತಲೆ ತಾಗಿಸಿಕೊಂಡೇ ಒಳಗೆ ಬಂದ. ಆಮೇಲೆ ಬಂದಾಗಲೆಲ್ಲ ತಾಗಿಸಿಕೊಂಡ. ಬೇರೆ ಭಾಷೆಯವನಾದರೂ ಅಷ್ಟಿಷ್ಟು ಕನ್ನಡ ಕಲಿತಿದ್ದ. ಹೊರನಾಡಿನ ಅವನ ಕಂಪನಿ ಉಳುವ ಯಂತ್ರ ಮಾಡಿತ್ತು. ಅದಕ್ಕೊಂದು ಕಬ್ಬಿಣದ ಕಡ್ಡಿ. ಕಡ್ಡಿಯನ್ನು ನೆಲಕ್ಕೆ ಚುಚ್ಚಿದರೆ ಯಂತ್ರ ಮಣ್ಣನ್ನು ಅಳೆದು ಬಾಯಿಬಿಟ್ಟು ಹೇಳುತ್ತದೆ: ಉಳಲು ಇನ್ನೂ ಹೊತ್ತಾಗಿಲ್ಲ, ಈಗ ಉಳಬಹುದು, ಅಥವಾ ಹೊತ್ತು ಮೀರಿತು. ಮಣ್ಣಿನ ಆ ಸ್ಥಿತಿಗೆ ಅವರ ಭಾಷೆಯಲ್ಲಿ ರೈತರು ಆಡುತ್ತಿದ್ದ ಒಂದು ಹಳೆಯ ಪದವಿತ್ತು. ಅದಕ್ಕೆ ಸರಿಯಾದ ಕನ್ನಡ ಪದ ಬೇಕಾಗಿತ್ತು.

ಚಿಕ್ಕಮ್ಮ ಪೆನ್ನಿನ ಮುಚ್ಚಳ ಕೂಡ ತೆಗೆಯಲಿಲ್ಲ. "ಹದ," ಎಂದಳು.

"ಅಂದ್ರೆ?" ಎಂದ ಎಂಜಿನಿಯರ್.

ಜೀವಮಾನವಿಡೀ ಊರಿಗೆಲ್ಲ ಆ ಪ್ರಶ್ನೆ ಹಾಕಿದವಳಿಗೆ ಯಾರೂ ತಿರುಗಿಸಿ ಅದನ್ನು ಹಾಕಿರಲಿಲ್ಲ. ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಹದ ಅಂದರೆ ಹದ ಎಂದಳು. ಎಂಜಿನಿಯರ್ ತಲೆಯಾಡಿಸಿ ಕಾದ. ಕೊನೆಗೆ ಅವನಿಗೆ ಎರಡು ಬನ್ನು ಕೊಟ್ಟು, ಮುಂದಿನ ವಾರ ಬನ್ನಿ ಎಂದು ಸಾಗಹಾಕಿದಳು. ಇಳಿಯುವಾಗ ಅವನು ಮತ್ತೆ ತಲೆ ತಾಗಿಸಿಕೊಂಡ.

ಆ ಸಂಜೆಯಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲದಾಯಿತು. ನಿಘಂಟು ತೆರೆದರೆ ಹದ ಎಂಬ ಎರಡಕ್ಷರಕ್ಕೆ ಅರ್ಥಗಳ ಮೆರವಣಿಗೆ ಹೊರಟಿತ್ತು: ಬಿತ್ತನೆಗೆ ತಕ್ಕ ತೇವ, ಪಾಕದ ಸ್ಥಿತಿ, ಕತ್ತಿಯ ಹರಿತ, ಚರ್ಮ ಮೆದುವಾಗಿಸುವುದು, ಹಿತ, ಮಿತ, ಸಮಯ, ಕ್ರಮ. ಕೆಟ್ಟರೆ ಹದಗೆಟ್ಟಿತು ಅನ್ನುತ್ತೇವೆ. ಹದಗೆಟ್ಟದ್ದು ರಸ್ತೆಯೂ ಆಗಬಹುದು, ಆರೋಗ್ಯವೂ ಆಗಬಹುದು, ಪಕ್ಕದ ಮನೆಯ ಮಗನೂ ಆಗಬಹುದು. ಹೊಲದಲ್ಲಿ ಹುಟ್ಟಿದ ಪದ ಅಡುಗೆಮನೆ, ಕಮ್ಮಾರಸಾಲೆ ಸುತ್ತಿ ಎಲ್ಲರ ಮನೆಯಲ್ಲೂ ಉಂಡು ಬಂದಿತ್ತು.

ಮೊದಲು ಗಂಡನನ್ನು ಕೇಳಿದಳು. ಚಿಕ್ಕಪ್ಪ ಹಿಟ್ಟಿನ ಕೈಯಲ್ಲೇ ತನ್ನ ಕಿವಿಯ ಹಾಲೆ ಹಿಡಿದು, ಹಿಟ್ಟು ಹೀಗಿದ್ದರೆ ಹದ ಎಂದ. ಮಣ್ಣೂ ಕಿವಿಯ ಹಾಗಿರಬೇಕಾ ಎಂದು ಕೇಳಿದಾಗ, ಅದು ಯಾರ ಕಿವಿ ಅನ್ನುವುದರ ಮೇಲೆ ಎಂದು ಹೇಳಿ ಅವಳ ಕಿವಿಯನ್ನೂ ಮುಟ್ಟಿ ನೋಡಿದ. ಅವಳು ದಿನವಿಡೀ ಕಿವಿಗೆ ಹಿಟ್ಟು ಮೆತ್ತಿಕೊಂಡೇ ಓಡಾಡಿದಳು. ಎದುರಿನ ಚಪ್ಪಲಿ ಹೊಲಿಯುವವನು, ಚರ್ಮ ಹದಕ್ಕೆ ಬಂತು ಅಂದರೆ ಅದರ ಸಿಟ್ಟು ಇಳಿಯಿತು ಎಂದರ್ಥ, ಮಡಿಚಿದರೆ ಎದುರು ಮಾತಾಡಬಾರದು ಎಂದ. ಚಿಕ್ಕಮ್ಮ ಅದನ್ನು ಬರೆದುಕೊಂಡಳು, ಆಮೇಲೆ ಹೊಡೆದುಹಾಕಿದಳು.

ಮನೆಯಲ್ಲಿ ಬೇಸಾಯದ ಮನೆತನದವರು ಅಂದರೆ ಚಿಕ್ಕಪ್ಪನ ತಾಯಿ. ನಾವೆಲ್ಲ ಅಜ್ಜಿ ಅಂತಲೇ ಕರೆಯುತ್ತಿದ್ದೆವು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಬೀದಿ ಕಾಣುವ ಕಿಟಕಿಯ ಪಕ್ಕ ಮಂಚ ಹಾಕಿಸಿಕೊಂಡು, ಹೋಗಿಬರುವವರ ಮೇಲೆಲ್ಲ ಒಂದು ಕಣ್ಣಿಟ್ಟಿರುತ್ತಿದ್ದರು. ಸೊಸೆ ತಮ್ಮ ಹತ್ತಿರ ಸಲಹೆ ಕೇಳಿದ್ದು ಅದೇ ಮೊದಲು. ಅಜ್ಜಿಗೆ ವಯಸ್ಸು ಇಳಿದ ಹಾಗಾಯಿತು. ಮಣ್ಣು ತುಳಿದರೆ ಅಂಗಾಲಿಗೆ ಹಿತವಾಗಿದ್ದರೆ ಹದ ಎಂದು ಮೊದಲ ದಿನ ಅಪ್ಪಣೆ ಕೊಡಿಸಿದರು. ಮರುದಿನ, ತುಳಿಯುವುದಲ್ಲ, ಮೂಸುವುದು ಎಂದರು. ಮೂಸಿದರೆ ಏನು ಗೊತ್ತಾಗುತ್ತದೆ ಎಂದು ಸೊಸೆ ಕೇಳಿದಳು.

"ಹದ ಬಂದಿದೆಯೋ ಇಲ್ವೋ ಅಂತ ಗೊತ್ತಾಗುತ್ತಮ್ಮ, ಇನ್ನೇನು ಗೊತ್ತಾಗ್ಬೇಕು," ಎಂದರು ಅಜ್ಜಿ.

ಇನ್ನು ಯಾರನ್ನೂ ಕೇಳುವುದಿಲ್ಲ, ಕಣ್ಣಾರೆ ನೋಡುತ್ತೇನೆ ಎಂದು ಚಿಕ್ಕಮ್ಮ ಊರ ಹೊರಗಿನ ಹೊಲವೊಂದರಿಂದ ಚೀಲದ ತುಂಬ ಮಣ್ಣು ತಂದಳು. ಬಸ್ಸಿನಲ್ಲಿ ಕಂಡಕ್ಟರ್ ಅದೇನು ಎಂದು ಕೇಳಿದ್ದಕ್ಕೆ ಅದನ್ನೇ ತಿಳಿದುಕೊಳ್ಳಬೇಕಾಗಿದೆ ಎಂದಳಂತೆ. ಚಿಕ್ಕಪ್ಪನ ಬ್ರೆಡ್ಡಿನ ಅಚ್ಚುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು, ಒಂದೊಂದಕ್ಕೂ ಮಣ್ಣು ತುಂಬಿ, ಒಂದಕ್ಕಿಂತ ಒಂದಕ್ಕೆ ಸ್ವಲ್ಪ ಹೆಚ್ಚು ನೀರು ಹಾಕುತ್ತ ಬಂದಳು. ಎಲ್ಲೋ ಒಂದು ಕಡೆ ಹದ ಬರಲೇಬೇಕು, ಬಂದಾಗ ಹಿಡಿದುಬಿಡೋಣ ಎಂಬ ಲೆಕ್ಕಾಚಾರ. ಅಷ್ಟರಲ್ಲಿ ಮೇಲೆ ಫೋನ್ ಬಡಿದುಕೊಂಡಿತು. ಓಡಿದಳು.

ಚಿಕ್ಕಪ್ಪ ಒಲೆಯ ಬಾಗಿಲು ತೆಗೆದಾಗಲೆಲ್ಲ ಅವನ ಕನ್ನಡಕಕ್ಕೆ ಆವಿ ಹತ್ತುತ್ತದೆ. ಮೇಜಿನ ಮೇಲಿದ್ದ ಅಚ್ಚುಗಳನ್ನೆಲ್ಲ ರೂಢಿಯ ಮೇಲೆ ಒಳಗೆ ತಳ್ಳಿದ. ಹೊತ್ತಾದ ಮೇಲೆ ತೆಗೆದು ಕನ್ನಡಕ ಒರೆಸಿಕೊಂಡು ನೋಡಿದರೆ ಬಹುತೇಕ ಅಚ್ಚುಗಳಲ್ಲಿ ಬಿರುಕುಬಿಟ್ಟ ಮಣ್ಣು. ಹೆಂಡತಿಯನ್ನು ಬೈಯುತ್ತ ಅವನ್ನೆಲ್ಲ ಹಿತ್ತಲಿಗೆ ಸುರಿದ. ಆದರೆ ಒಂದು ಮಾತ್ರ ಕಂದು ಬಣ್ಣಕ್ಕೆ ತಿರುಗಿ, ದುಂಡಗೆ, ನೋಡಲು ಅಂದವಾಗಿ ಬೆಂದಿತ್ತು. ಅದು ಹಿಟ್ಟಿನದೇ ಇರಬೇಕು ಎಂದು ಗೆಣ್ಣಿನಿಂದ ತಟ್ಟಿ ನೋಡಿದ. ಅಷ್ಟು ಒಳ್ಳೆಯ ಸದ್ದು ಅವನ ಯಾವ ಬ್ರೆಡ್ಡಿನಿಂದಲೂ ಬಂದಿರಲಿಲ್ಲ. ಖುಷಿಯಿಂದ ಅದನ್ನು ಗಾಜಿನ ಕಪಾಟಿನ ಮುಂದಿನ ಸಾಲಿನಲ್ಲೇ ಇಟ್ಟ.

ಅದನ್ನು ಕೊಂಡುಹೋದವರು ಪಕ್ಕದ ಮಹಡಿಯ ನಿವೃತ್ತ ಹೆಡ್‌ಮೇಡಂ. ತಮಗೆ ಇದು ಗೊತ್ತಿಲ್ಲ ಎಂಬ ಮಾತನ್ನು ಅವರು ಹುಟ್ಟಿದಾಗಿನಿಂದ ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಸಂಜೆಗೆ ಚಿಕ್ಕಮ್ಮ ಹಿತ್ತಲಿನಲ್ಲಿ ಬಿದ್ದಿದ್ದ ಮಣ್ಣಿನ ಹೆಂಟೆಗಳನ್ನು ಎಣಿಸಿ ಒಂದು ಕಡಿಮೆಯಿದೆ ಎಂದಾಗ ಚಿಕ್ಕಪ್ಪನ ಮುಖ ಹಿಟ್ಟಿಗಿಂತ ಬಿಳಿಯಾಯಿತು. ಮೇಡಂ ಮನೆಗೆ ಹೋಗಿ ಹೇಳುವ ಧೈರ್ಯ ಇಬ್ಬರಿಗೂ ಇಲ್ಲ. ಮರುದಿನ ಮೇಡಂ ತಾವಾಗಿಯೇ ಚೀಲ ಹಿಡಿದು ಬಂದರು. ಚಿಕ್ಕಪ್ಪ ಮೇಜಿನ ಹಿಂದೆ ಏನೋ ಬಿದ್ದಂತೆ ಬಗ್ಗಿ ಹುಡುಕತೊಡಗಿದ.

"ನಿನ್ನೆ ಬ್ರೆಡ್ಡು ಸ್ವಲ್ಪ ಹದ ಜಾಸ್ತಿ ಆಗಿತ್ತು," ಎಂದರು ಮೇಡಂ.

ಚಿಕ್ಕಮ್ಮ ಹೆದರಿಕೆಯನ್ನೂ ಮರೆತು, "ಅಂದ್ರೆ?" ಎಂದಳು.

ಚಾಕು ಇಳಿಯಲಿಲ್ಲವಂತೆ. ಹಾಲಿನಲ್ಲಿ ನೆನೆಸಿದ ಮೇಲೆ ಮೆತ್ತಗಾಯಿತಂತೆ. ಇತ್ತೀಚೆಗೆ ಪೇಟೆಗಳಲ್ಲಿ ಇಂಥ ನಾರಿನ ಬ್ರೆಡ್ಡೇ ಬರುತ್ತಿದೆ, ಆರೋಗ್ಯಕ್ಕೆ ಒಳ್ಳೆಯದು ಎಂದು ತಮಗೆ ಮೊದಲೇ ತಿಳಿದಿತ್ತು ಎಂದು ಹೇಳಿ, ಆದರೂ ಇವತ್ತಿಗೆ ಸಾದಾ ಬ್ರೆಡ್ಡೇ ಇರಲಿ ಎಂದರು. ತಿಂದರೋ ಇಲ್ಲವೋ ಎಂದು ಕೇಳುವ ಎದೆಗಾರಿಕೆ ನಮ್ಮ ವಂಶದಲ್ಲಿ ಯಾರಿಗೂ ಬರಲಿಲ್ಲ. ಮೇಡಂ ಮಾತ್ರ ಗಟ್ಟಿಮುಟ್ಟಾಗಿಯೇ ಇದ್ದಾರೆ.

ವಾರ ಕಳೆದು ಎಂಜಿನಿಯರ್ ಬಂದ. ಬೇರೆ ದಾರಿ ಕಾಣದೆ ಚಿಕ್ಕಮ್ಮ ಹದ ಬಂದಿಲ್ಲ, ಹದ ಬಂದಿದೆ, ಹದ ಕೆಟ್ಟಿದೆ ಎಂದು ಮೂರು ಮಾತು ಬರೆದುಕೊಟ್ಟಳು. ಅವನ ಮೇಲಿನವರದು ಒಂದು ಪದ್ಧತಿ: ಬರೆದದ್ದು ಸರಿಯಿದೆಯೇ ಎಂದು ಇನ್ನೊಬ್ಬರಿಂದ ತಮ್ಮ ಭಾಷೆಗೆ ತಿರುಗಿ ಮಾಡಿಸಿ ನೋಡುವುದು. ಕೆಲವೇ ದಿನಗಳಲ್ಲಿ ಎಂಜಿನಿಯರ್ ಏದುಸಿರುಬಿಡುತ್ತ ಓಡಿ ಬಂದ. ಮೊದಲನೆಯದು ಮಣ್ಣು ಇನ್ನೂ ಬೆಂದಿಲ್ಲ ಎಂದಾಗಿತ್ತು. ಎರಡನೆಯದು ಚೆನ್ನಾಗಿ ಬೆಂದಿದೆ, ಒಲೆಯಿಂದ ಇಳಿಸಿ. ಮೂರನೆಯದು ಮಣ್ಣಿನ ನಡತೆ ಸರಿಯಿಲ್ಲ. ನಮ್ಮ ಯಂತ್ರ ರೈತರ ಹೊಲದ ನಡತೆಯ ಬಗ್ಗೆ ಯಾಕೆ ಮಾತಾಡಬೇಕು ಎಂದು ಮೇಲಿನವರು ಕೇಳುತ್ತಿದ್ದರು.

ಚಿಕ್ಕಮ್ಮ ಪದ ಬದಲಿಸಿ ನೋಡಿದಳು. ಮಣ್ಣು ಸಿದ್ಧವಾಗಿದೆ ಎಂದು ಬರೆದರೆ, ಮಣ್ಣು ಬಟ್ಟೆ ತೊಟ್ಟು ಹೊರಟು ನಿಂತಿದೆ ಎಂದು ತಿರುಗಿ ಬಂತು. ಪಕ್ವ ಎಂದರೆ ಉಪ್ಪು ನೋಡಿ ಇಳಿಸಿ ಎಂದಾಯಿತು. ಅವಳ ತಾಳ್ಮೆ ಹರಿಯಿತು. ಈ ತಿರುಗಿ ಮಾಡುವ ಮಹಾನುಭಾವ ಯಾರು, ಅವನ ನಂಬರ್ ಕೊಡಿ ಎಂದು ಪಟ್ಟು ಹಿಡಿದಳು. ವಿಚಾರಿಸಿದರೆ, ಈ ಎಂಜಿನಿಯರನನ್ನು ಬಿಟ್ಟರೆ ಅಷ್ಟು ದೊಡ್ಡ ಕಂಪನಿಯಲ್ಲಿ ಕನ್ನಡ ಬಲ್ಲವನು ಒಬ್ಬನೇ ಇದ್ದ. ಅವನು ಊಟದ ಮನೆಯ ಅಡುಗೆಯವನು.

ಫೋನಿನಲ್ಲಿ ಅಡುಗೆಯವನ ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು. ಅವನು ಬಹಳ ಒಳ್ಳೆಯ ಮನುಷ್ಯ. ತನ್ನ ಹೆಂಡತಿ ಬೇರೆ ಭಾಷೆಯವಳು, ಕನ್ನಡದಲ್ಲಿ ಜಗಳವಾಡಿ ವರ್ಷಗಳಾದವು, ನೀವು ಬೈಯಿರಿ, ಕೇಳಲು ಸುಖವಾಗಿದೆ ಎಂದ. ಚಿಕ್ಕಮ್ಮನ ಸಿಟ್ಟು ಅಲ್ಲೇ ಕರಗಿತು. ಒಬ್ಬರಿಗೊಬ್ಬರು ಹದದ ಬಗ್ಗೆ ಬಹಳ ಹೊತ್ತು ಹೇಳಿಕೊಂಡರು. ಅವನ ಪ್ರಕಾರ ಹದ ಪದಾರ್ಥದಲ್ಲಿರುವುದೇ ಇಲ್ಲ, ಅದು ಬಂದು ಹೋಗುವ ನೆಂಟ. ಬಂದಾಗ ನಾವು ಮನೆಯಲ್ಲಿರಬೇಕು, ಅಷ್ಟೇ. ಚಿಕ್ಕಮ್ಮ ಇದನ್ನು ಎಂಜಿನಿಯರನಿಗೆ ಹೇಳಿದಾಗ ಅವನು, ನೆಂಟ ಬಂದಿದ್ದಾನೆ ಎಂದು ಯಂತ್ರ ಕೂಗಿದರೆ ರೈತರು ಹೊಲ ಬಿಟ್ಟು ಮನೆಗೆ ಓಡುತ್ತಾರೆ ಎಂದು ತಲೆಯ ಮೇಲೆ ಕೈಹೊತ್ತು ಕುಳಿತ.

ಅಷ್ಟರಲ್ಲಿ ದನಿ ಮುದ್ರಿಸುವ ದಿನ ಬಂದೇಬಿಟ್ಟಿತು. ಮೇಲಿನ ಕೋಣೆಯ ಕಿಟಕಿಗಳಿಗೆ ಕಂಬಳಿ ಹೊದಿಸಿದರು. ಬರಬೇಕಾಗಿದ್ದ ನಟಿಗೆ ಗಂಟಲು ಕಟ್ಟಿದ್ದರಿಂದ ಚಿಕ್ಕಮ್ಮನೇ ಮೈಕಿನ ಮುಂದೆ ಕುಳಿತಳು. ಹದ ಬಂದಿದೆ ಎಂಬ ಮಾತನ್ನು ಒಮ್ಮೆ ಗಂಭೀರವಾಗಿ, ಒಮ್ಮೆ ಅಕ್ಕರೆಯಿಂದ, ಒಮ್ಮೆ ರೇಡಿಯೋ ವಾರ್ತೆಯ ಹಾಗೆ ಹೇಳಿದಳು. ನಡುನಡುವೆ ಚಿಕ್ಕಪ್ಪ ಮೆಟ್ಟಿಲು ಹತ್ತಿ ಬಂದು ಸಕ್ಕರೆ ಡಬ್ಬಿ ಎಲ್ಲಿ, ಚಿಲ್ಲರೆ ಎಲ್ಲಿ ಎಂದು ಕೇಳುವುದು, ಇವಳು ಗದರಿ ಕಳಿಸುವುದು ನಡೆದೇ ಇತ್ತು. ಅವನು ಮೆಟ್ಟಿಲಿನ ಮೇಲೆ ನೀರಿನ ಕೊಡ ಬೀಳಿಸಿದ್ದೂ, ಇವಳು ಒರೆಸಿದ್ದೂ ಆಯಿತು. ದನಿ ಮುದ್ರಿಸುವ ಯಂತ್ರ ಎಲ್ಲವನ್ನೂ ಹಿಡಿದುಕೊಳ್ಳುತ್ತಲೇ ಇತ್ತು. ಅದರಿಂದ ಬೇಕಾದ ಮೂರು ತುಂಡು ಕತ್ತರಿಸಿದವಳು ದೂರದ ಕಾರ್ಖಾನೆಯ ಒಬ್ಬಾಕೆ. ಅವಳಿಗೆ ಕನ್ನಡದ ಗಂಧ ಗಾಳಿಯಿಲ್ಲ. ಯಾವ ದನಿ ಮನಸ್ಸಿನಿಂದ ಬಂದ ಹಾಗೆ ಕೇಳಿಸಿತೋ ಅದನ್ನು ಆರಿಸಿ, ಬಂದ ಕ್ರಮದಲ್ಲೇ ಮೂರು ಸ್ಥಿತಿಗೂ ಹೊಂದಿಸಿದಳಂತೆ.

ಊರ ಹೊರಗಿನ ಹೊಲದಲ್ಲಿ ಯಂತ್ರವನ್ನು ತೋರಿಸುವ ಏರ್ಪಾಡಾಯಿತು. ಕಂಪನಿಯವರು ಮೂರು ತುಂಡು ನೆಲ ಸಜ್ಜು ಮಾಡಿದ್ದರು: ಒಂದು ನೀರು ಕುಡಿದು ರಾಡಿಯಾಗಿದ್ದದ್ದು, ಒಂದು ಸರಿಯಾಗಿದ್ದದ್ದು, ಒಂದು ಕಲ್ಲಿನಂತೆ ಒಣಗಿದ್ದದ್ದು. ಸುತ್ತಲೂ ರೈತರು ಕೈಕಟ್ಟಿ ನಿಂತಿದ್ದರು. ಅಜ್ಜಿಯನ್ನು ಕುರ್ಚಿಸಮೇತ ಕರೆತಂದಿದ್ದೆವು. ಯಂತ್ರ ಬಾಯಿಬಿಡುವ ಮೊದಲೇ ಅಜ್ಜಿ ಎದ್ದು, ಒಂದು ಹಿಡಿ ಮಣ್ಣು ತರಿಸಿ ಮೂಸಿ, ಇದು ಹದ, ಕಣ್ಣು ಮುಚ್ಚಿ ಇಳಿಯಬಹುದು ಎಂದು ಸಾರಿ, ತಾವೇ ಇಳಿದರು. ಇಳಿದದ್ದು ಮೊಣಕಾಲಿನವರೆಗೂ ಹೋಯಿತು. ಅವರನ್ನು ಮೇಲೆತ್ತಲು ಇಬ್ಬರು ಗಂಡಸರು ಬೇಕಾದರು. ಒಂದು ಚಪ್ಪಲಿ ಅಲ್ಲೇ ಉಳಿಯಿತು. ಕಾಲು ತೊಳೆಸಿಕೊಳ್ಳುತ್ತ ಅಜ್ಜಿ ತವರಿನಲ್ಲಿ ತಮ್ಮ ಪಾಲಿಗೆ ಇದ್ದದ್ದು ಕೋಳಿ ನೋಡಿಕೊಳ್ಳುವ ಕೆಲಸ, ಹೊಲದ ಕಡೆ ಅಪ್ಪ ಬಿಡುತ್ತಲೇ ಇರಲಿಲ್ಲ ಎಂದು ಒಪ್ಪಿಕೊಂಡರು. ಕೋಳಿಯ ವಿಷಯ ಏನಾದರೂ ಇದ್ದರೆ ಕೇಳಿ ಎಂದೂ ಸೇರಿಸಿದರು.

ಎಂಜಿನಿಯರ್ ಅದೇ ರಾಡಿಗೆ ಕಡ್ಡಿ ಚುಚ್ಚಿದ. ಯಂತ್ರ ಗೊಂಯ್ ಎಂದಿತು. ಆಮೇಲೆ ಅದರೊಳಗಿಂದ ಚಿಕ್ಕಮ್ಮನ ದನಿ ಬಂತು:

"ನೆಲ ಇನ್ನೂ ಒದ್ದೆ ಇದೆ ರೀ, ತುಳೀಬೇಡಿ. ಸ್ವಲ್ಪ ಹೊತ್ತು ಬಿಟ್ಟು ಬನ್ನಿ."

ಚಿಕ್ಕಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅದು ಅವಳು ಮೆಟ್ಟಿಲು ಒರೆಸಿ ಬಂದು ಗಂಡನಿಗೆ ಹೇಳಿದ ಮಾತು. ಎಂಜಿನಿಯರನಿಗೆ ಮಾತು ಬದಲಾದದ್ದು ಗೊತ್ತಾಗಿ ಬೆವರು ಕಿತ್ತುಕೊಂಡಿತು. ಆದರೆ ರೈತರು ತಲೆದೂಗಿದರು. ನಿಜವೇ ತಾನೇ, ಒದ್ದೆಯಿದೆ ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ. ಎರಡನೆಯ ತುಂಡಿಗೆ ಕಡ್ಡಿ ಚುಚ್ಚಿದಾಗ ಯಂತ್ರ, "ಹೂಂ, ಈಗ ಬನ್ನಿ, ಮೆಲ್ಲಗೆ," ಎಂದಿತು. ಗುಂಪಿನ ಹಿಂದಿನಿಂದ ಚಿಕ್ಕಪ್ಪ ಅಭ್ಯಾಸಬಲದಿಂದ ಬಂದೆ ಬಂದೆ ಎಂದು ನಾಲ್ಕು ಹೆಜ್ಜೆ ಮುಂದೆ ಬಂದು ನಿಂತ. ಒಣ ನೆಲದ ಮುಂದೆ ಯಂತ್ರ ದೊಡ್ಡ ನಿಟ್ಟುಸಿರುಬಿಟ್ಟಿತು. ಅದು ದನಿ ಮುದ್ರಿಸಿದ ದಿನ ಮಧ್ಯಾಹ್ನ ಊಟಕ್ಕೆ ತಡವಾಗಿ ಬಂದ ಚಿಕ್ಕಪ್ಪನಿಗೆ ಸಿಕ್ಕಿದ್ದು.

"ಈಗ ಬರೋದಾ? ನಿಮಗೆ ಕಾದು ಕಾದು ಎಲ್ಲಾ ಒಣಗಿ ಹೋಯ್ತು."

ಒಬ್ಬ ರೈತ ಟೋಪಿ ತೆಗೆದು, ತಪ್ಪಾಯ್ತಮ್ಮ ಎಂದ. ಅಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ಆದರೆ ಯಾರೊಬ್ಬರೂ ಅದರ ಅರ್ಥ ಕೇಳಲಿಲ್ಲ. ಮೇಲಿನವರು ಈ ಮೂರು ಮಾತನ್ನೂ ಅಡುಗೆಯವನಿಂದ ತಿರುಗಿ ಮಾಡಿಸಿದರು. ಅವನು, ಈ ಸಲ ಬರೆದಿರುವುದು ಹದವಾಗಿದೆ ಎಂದು ಹೇಳಿ ಕಳಿಸಿದ. ಹೀಗಂದರೆ ಏನು ಎಂದು ಅವರು ಮತ್ತೆ ಕೇಳಲಿಲ್ಲ, ಸುಸ್ತಾಗಿದ್ದರು.

ಚಿಕ್ಕಮ್ಮನಿಗೆ ಕೆಲವು ದಿನ ಮುನಿಸಿತ್ತು. ಇಷ್ಟೆಲ್ಲ ಒದ್ದಾಡಿ ಹುಡುಕಿದ ಪದವೇ ಅದರಲ್ಲಿ ಇರಲಿಲ್ಲವಲ್ಲ. ಪದ ಎಲ್ಲಿ ಹೋಗುತ್ತೆ, ಇಲ್ಲೇ ಇರುತ್ತೆ ಎಂದು ಚಿಕ್ಕಪ್ಪ ಸಮಾಧಾನ ಹೇಳಿದ. ಯಂತ್ರವೇನೋ ಚೆನ್ನಾಗಿ ಮಾರಾಟವಾಯಿತು. ಹೊಲಗಳಲ್ಲಿ ಅದಕ್ಕೆ ಅತ್ತಿಗೆ ಎಂಬ ಹೆಸರು ಬಿತ್ತು. ಬೆಳಿಗ್ಗೆ ಒಬ್ಬರನ್ನೊಬ್ಬರು ಕಂಡರೆ, ಅತ್ತಿಗೆ ಏನಂದ್ಲು ಎಂದು ಕೇಳಿಕೊಳ್ಳುತ್ತಿದ್ದರು.

ಇದರ ಪರಿಣಾಮವಾಗಿ ಒಂದು ದಿನ ಹಳ್ಳಿಯ ಕೆಲವು ಹೆಂಗಸರು ಮೆಟ್ಟಿಲು ಹತ್ತಿ ಬಂದರು. ಗಂಡಂದಿರು ತಮ್ಮ ಮಾತು ಕೇಳುವುದಿಲ್ಲ, ಯಾವಳದೋ ಮಾತಿಗೆ ಹೂಂಗುಟ್ಟುತ್ತಾರೆ, ಅದರಲ್ಲಿ ನಮ್ಮ ದನಿ ಹಾಕಿಕೊಡಿ ಎಂಬುದು ಅವರ ದೂರು. ಎಂಜಿನಿಯರ್ ಹಾಕಿಕೊಡಬಹುದು ಎಂದ. ಅಂದಿನಿಂದ ಚಿಕ್ಕಮ್ಮನ ಕೋಣೆಯಲ್ಲಿ ಭಾಷಾಂತರಕ್ಕಿಂತ ಮುದ್ರಣವೇ ಹೆಚ್ಚು. ಒಬ್ಬಳು ಹದಕ್ಕೆ, ಏಳಿ, ಹೊತ್ತಾಯ್ತು ಎಂದು ಹೇಳಿದಳು. ಇನ್ನೊಬ್ಬಳು, ನಿಮ್ಮಮ್ಮ ಮಲಗಿದಾರೆ, ಈಗ ಮಾತಾಡ್ಬಹುದು ಎಂದಳು. ಒಬ್ಬ ಮುದುಕಿ ಬರೀ ಕೆಮ್ಮಿದಳು. ಇಷ್ಟು ಸಾಕು, ಅವರಿಗೆ ತಿಳಿಯುತ್ತದೆ ಎಂದಳು. ಚಿಕ್ಕಮ್ಮ ಒಂದನ್ನೂ ತಿದ್ದಲಿಲ್ಲ.

ಅವರಲ್ಲೊಬ್ಬಳು ಮೈಕಿನ ಮುಂದೆ ಕುಳಿತು ಏನೂ ಮಾತಾಡಲಿಲ್ಲ. ಬಾಯಿ ಬಿಗಿದು, ಗೋಡೆಯನ್ನೇ ನೋಡುತ್ತಿದ್ದಳು. ಎಂಜಿನಿಯರ್ ಕಾದು ಕಾದು, ಶುರು ಮಾಡಿ ಎಂದ. ಆಗಲೇ ಮುಗಿಯಿತು ಎಂದಳು. ನೆಲ ಸರಿಯಿಲ್ಲದಾಗ ಇದನ್ನೇ ಹಾಕಿ, ನಾನು ಸುಮ್ಮನಾದರೆ ನಮ್ಮ ಮನೆಯವರಿಗೆ ಅರ್ಥವಾಗುತ್ತದೆ ಎಂದಳು. ಅವನು ಹಾಗೆಯೇ ಹಾಕಿಕೊಟ್ಟ. ಆಮೇಲೆ ಯಂತ್ರ ಕೆಟ್ಟಿರಬಹುದೇ ಎಂದು ಅನುಮಾನವಾಗಿ ಆ ಹೊಲಕ್ಕೆ ಹೋಗಿ ನೋಡಿದನಂತೆ. ಕಡ್ಡಿ ನೆಲದಲ್ಲಿತ್ತು. ಯಂತ್ರ ಸುಮ್ಮನಿತ್ತು. ಅದರಿಂದ ಒಂದು ಮಾರು ದೂರದಲ್ಲಿ ಆ ರೈತ ಕೈಕಟ್ಟಿ ನಿಂತು, ತಾನು ಬೆಳಿಗ್ಗೆಯಿಂದ ಏನು ತಪ್ಪು ಮಾಡಿದೆ ಎಂದು ಯೋಚಿಸುತ್ತಿದ್ದ.